ಕೊಕ್ಕೊಗೆ ಗಿರಾಕಿ ಇಲ್ಲದಾಗ ಎದ್ದು ನಿಂತ ರೈತ: ಕ್ಯಾಂಪ್ಕೊ ಕಟ್ಟಿದ ವಾರಣಾಶಿ ಸುಬ್ರಾಯ ಭಟ್

ಸೇಡಂ: ಇಲ್ಲಿಯ ಬಸ್ ಸ್ಟ್ಯಾಂಡ್ ಎದುರಿನ ಕಿರಾಣಿ ಅಂಗಡಿ ಇರಲಿ, ವಾಡಿ ಸ್ಟೇಷನ್ ಹೊರಗಿನ ಪಾನ್ ಡಬ್ಬಿ ಇರಲಿ, ಶಹಾಬಾದ್, ಚಿತ್ತಾಪುರ, ಚಿಂಚೋಳಿ ಎಲ್ಲಿಗೇ ಹೋಗ್ರಿ, ಎರಡು ಸಾಮಾನು ಇಲ್ಲದ ಅಂಗಡಿ ಸಿಗೋದಿಲ್ಲ. ಒಂದು ಅಡಿಕೆ, ಇನ್ನೊಂದು ಚಾಕಲೇಟ್. ಎರಡೂ ನಮ್ಮ ಕರಿ ಮಣ್ಣಿನಲ್ಲಿ ಬೆಳೆಯುವ ಮಾಲಲ್ಲ. ಆದರೆ ಇದೇ ರಾಜ್ಯದ ಇನ್ನೊಂದು ತುದಿಯಲ್ಲಿ, ದಕ್ಷಿಣ ಕನ್ನಡದಲ್ಲಿ, ಈ ಎರಡೂ ಒಂದೇ ತೋಟದಲ್ಲಿ ಬೆಳೀತಾವ. ಅಡಿಕೆ ಮರ ಮ್ಯಾಲೆ, ಅದರ ನೆರಳಿನಲ್ಲಿ ಚಾಕಲೇಟಿನ ಗಿಡ ಕೆಳಗೆ.

ಆ ಗಿಡಕ್ಕೆ ಅಲ್ಲಿಯ ಮಂದಿ ಕೊಕ್ಕೊ ಅಂತಾರೆ. ನಲವತ್ತೈದು ವರ್ಷದ ಹಿಂದೆ ಅದನ್ನು ಕೊಳ್ಳುವವರೇ ಇಲ್ಲದಂತಾಗಿ, ರೈತರು ಗಿಡ ಕಿತ್ತು ಬಿಸಾಕುವ ಹೊತ್ತು ಬಂದಿತ್ತು. ಆಗ ಆ ಮಾಲನ್ನು ಕೊಳ್ಳಲು ಮುಂದೆ ಬಂದ ಸಂಸ್ಥೆಯ ಅಧ್ಯಕ್ಷರ ಸ್ಥಾನದಲ್ಲಿ ಇದ್ದವರು ವಾರಣಾಶಿ ಸುಬ್ರಾಯ ಭಟ್. ಕರಾವಳಿ ಮತ್ತು ಕಾಸರಗೋಡು ಕಡೆ ಇವರ ಹೆಸರು ಗೊತ್ತಿಲ್ಲದ ಅಡಿಕೆ ಬೆಳೆಗಾರ ಇಲ್ಲ. ನಮ್ಮ ಕಡೆ ಅವರ ಸಂಸ್ಥೆಯ ಚಾಕಲೇಟು ಬಂದಿದೆ, ಹೆಸರು ಬಂದಿಲ್ಲ. ತೊಗರಿ ದರ ಬಿದ್ದಾಗೆಲ್ಲ ತಲೆ ಮೇಲೆ ಕೈ ಹೊತ್ತು ಕೂಡುವ ಈ ಭಾಗದ ರೈತರು, ವ್ಯಾಪಾರಸ್ಥರು ಈ ಮನುಷ್ಯನ ಕಥೆ ಒಮ್ಮೆ ಓದಬೇಕು.

ಅಡ್ಯನಡ್ಕದ ತೋಟ

ಬಂಟ್ವಾಳ ತಾಲೂಕಿನ ಅಡ್ಯನಡ್ಕ ಕೇರಳ ಗಡಿಗೆ ಹತ್ತಿದ ಊರು. ವಿಟ್ಲದಿಂದ ಸ್ವಲ್ಪ ಮುಂದೆ ಹೋದರೆ ಸಿಗ್ತದ. ವಾರಣಾಶಿ ಅನ್ನೋದು ಅಲ್ಲಿಯ ಕೃಷಿಕ ಮನೆತನದ ಹೆಸರು, ಉತ್ತರದ ಕಾಶಿಗೂ ಇದಕ್ಕೂ ಗೊಂದಲ ಬೇಡ. ಸುಬ್ರಾಯ ಭಟ್ಟರು ಆ ಮನೆತನದವರು, ಮೂಲತಃ ಕೃಷಿಕರು. ಅವರು ಮಾಡಿದ ಕೆಲಸ ಅರ್ಥ ಆಗಬೇಕಾದ್ರೆ ಮೊದಲು ಆ ಕಡೆಯ ತೋಟ ಹೆಂಗಿರ್ತದ ಅಂತ ತಿಳಿಯಬೇಕು, ಯಾಕಂದ್ರೆ ನಮ್ಮ ಹೊಲಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ.

ನಮ್ಮಲ್ಲಿ ವರ್ಷವಿಡೀ ಸುರಿಯುವ ಮಳೆ ಅಲ್ಲಿ ಕೆಲವೊಮ್ಮೆ ಹದಿನೈದು ದಿನದಲ್ಲಿ ಸುರಿದು ಹೋಗ್ತದ. ಗುಡ್ಡದ ಮೇಲೆ ಕೆಂಪು ಮುರಕಲ್ಲು, ಕಾಡು. ಎರಡು ಗುಡ್ಡದ ನಡುವಿನ ತಗ್ಗಿನಲ್ಲಿ ನೀರು, ಅಲ್ಲೇ ತೋಟ. ಅಡಿಕೆ ಸಸಿ ನೆಟ್ಟರೆ ಫಸಲು ಕಾಣಲು ಆರೇಳು ವರ್ಷ ಕಾಯಬೇಕು. ಬಂದ ಗೋಟು ಅಡಿಕೆಯನ್ನು ಅಂಗಳದಲ್ಲಿ ಸುಮಾರು ನಲವತ್ತು ದಿನ ಬಿಸಿಲಿಗೆ ಒಣಗಿಸಿ, ಸುಲಿದರೆ ಅದು ಚಾಲಿ. ಮಲೆನಾಡಿನವರು ಹಸಿಯಾಗಿದ್ದಾಗಲೇ ಸುಲಿದು ಬೇಯಿಸಿ ಕೆಂಪಡಿಕೆ ಮಾಡ್ತಾರೆ, ಕರಾವಳಿಯವರದು ಚಾಲಿ. ಮಳೆಗಾಲದಲ್ಲಿ ಕೊಳೆರೋಗ ಬಂದರೆ ಗೊನೆಗೊನೆಯೇ ಉದುರಿ ಹೋಗ್ತದ. ಅದಕ್ಕೆ ಮರದ ತುದಿ ಹತ್ತಿ ಮೈಲುತುತ್ತು, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಯಬೇಕು.

ಇಷ್ಟೆಲ್ಲ ಆದ ಮೇಲೆ ದರ ಬಿದ್ದರೆ? ಇಲ್ಲೇ ಇರೋದು ಫರಕು. ತೊಗರಿಗೆ ದರ ಸಿಗದಿದ್ರೆ ಮುಂದಿನ ಮುಂಗಾರಿಗೆ ಹೆಸರು, ಉದ್ದು, ಸೋಯಾ ಬಿತ್ತಬಹುದು. ಅಡಿಕೆಯವನು ಹಂಗೆ ಮಾಡಕ್ಕಾಗಲ್ಲ. ಮೂವತ್ತು, ನಲವತ್ತು ವರ್ಷ ನಿಲ್ಲುವ ಮರ ಅದು. ಅದನ್ನು ಕಡಿದರೆ ಅಪ್ಪ ನೆಟ್ಟಿದ್ದನ್ನು ಕಡಿದಂತೆ, ಮಗನಿಗೆ ಮತ್ತೆ ಮೊದಲಿಂದ ಶುರು.

1973

1970ರ ದಶಕದ ಮೊದಲ ವರ್ಷಗಳಲ್ಲಿ ಅಡಿಕೆ ದರ ನೆಲ ಕಚ್ಚಿತು. ಆಗ ಮಾರುಕಟ್ಟೆ ಪೂರ್ತಿ ಖಾಸಗಿ ವರ್ತಕರ ಕೈಯಲ್ಲಿತ್ತು. ಅಡಿಕೆ ಬೆಳೆಯೋದು ದಕ್ಷಿಣದಲ್ಲಿ, ತಿನ್ನೋರು ಹೆಚ್ಚಾಗಿ ಉತ್ತರದಲ್ಲಿ. ಗುಜರಾತ್, ರಾಜಸ್ಥಾನ, ಉತ್ತರ ಪ್ರದೇಶದಲ್ಲಿ ಏನು ದರ ನಡೀತದ ಅನ್ನೋದು ಅಡ್ಯನಡ್ಕದ ರೈತನಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ವರ್ತಕ ಹೇಳಿದ್ದೇ ದರ. ಹಂಗಂತ ವರ್ತಕರೆಲ್ಲ ಕೆಟ್ಟವರು ಅನ್ನೋದೂ ತಪ್ಪು. ಸಾಲ ಕೊಡೋನೂ ಅವನೇ, ಮದುವೆಗೆ ಮುಂಗಡ ಕೊಡೋನೂ ಅವನೇ. ನಮ್ಮ ಅಡತ್ ಅಂಗಡಿಗಳ ಲೆಕ್ಕವೂ ಬೇರೆ ಇಲ್ಲ. ಆದರೆ ಕೊಳ್ಳುವವರು ಬೆರಳೆಣಿಕೆ, ಮಾರುವವರು ಲಕ್ಷ ಲಕ್ಷ ಇದ್ದಾಗ ತಕ್ಕಡಿ ಯಾವ ಕಡೆ ವಾಲ್ತದ ಅಂತ ಹೇಳಬೇಕಾಗಿಲ್ಲ.

ಈ ಸಂಕಟದಲ್ಲೇ 1973ರ ಜುಲೈ 11ರಂದು ಮಂಗಳೂರಿನಲ್ಲಿ ಕ್ಯಾಂಪ್ಕೊ ನೋಂದಣಿ ಆಯಿತು. ಕರ್ನಾಟಕ ಮತ್ತು ಕೇರಳ, ಎರಡೂ ರಾಜ್ಯದ ಅಡಿಕೆ ಬೆಳೆಗಾರರು ಸೇರಿ ಕಟ್ಟಿದ ಸಹಕಾರ ಸಂಘ. ಸುಬ್ರಾಯ ಭಟ್ಟರು ಸ್ಥಾಪಕ ಅಧ್ಯಕ್ಷರು. ರಾಜ್ಯದ ಗಡಿ ದಾಟಿದ ಸಂಘ ಕಟ್ಟೋದು ಆ ಕಾಲಕ್ಕೆ ಸಣ್ಣ ಮಾತಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಹೋದ ನೋವು ಆ ಭಾಗದ ಕನ್ನಡಿಗರಲ್ಲಿ ಇನ್ನೂ ಹಸಿಯಾಗಿತ್ತು. ಆದರೆ ಕಾಸರಗೋಡಿನ ಅಡಿಕೆಯೂ ಒಂದೇ, ಪುತ್ತೂರಿನ ಅಡಿಕೆಯೂ ಒಂದೇ, ಬಿದ್ದ ದರವೂ ಒಂದೇ. ಗಡಿಯ ಈಚೆ ಮತ್ತು ಆಚೆ ಇರುವವರನ್ನು ಒಂದೇ ಪಾಲು ಪುಸ್ತಕದಲ್ಲಿ ಬರೆಸಿದ್ದು ಈ ಸಂಘ. ಎರಡೂ ಸರ್ಕಾರಗಳು ಇದಕ್ಕೆ ಕೈ ಜೋಡಿಸಿದವು.

ಕ್ಯಾಂಪ್ಕೊ ಮಾಡಿದ ಉಪಾಯ ಸರಳ. ಮಾರುಕಟ್ಟೆಗೆ ಬಂದ ಅಡಿಕೆಯನ್ನೆಲ್ಲ ತಾನೇ ಕೊಳ್ಳೋದಲ್ಲ, ಅದು ಸಾಧ್ಯವೂ ಇಲ್ಲ. ಊರೂರಲ್ಲಿ ಖರೀದಿ ಕೇಂದ್ರ ತೆರೆಯೋದು, ಅಡಿಕೆಯ ದರ್ಜೆ ನೋಡಿ ದರ ಹೇಳೋದು, ರೊಕ್ಕ ಕೊಡೋದು. ಬಾಜೂಕಿನ ವರ್ತಕ ಅದಕ್ಕಿಂತ ಕಡಿಮೆ ಹೇಳಿದರೆ ರೈತ ಚೀಲ ಎತ್ತಿಕೊಂಡು ಕ್ಯಾಂಪ್ಕೊಗೆ ನಡೀತಾನೆ. ಹಂಗಾಗಿ ವರ್ತಕನೂ ದರ ಏರಿಸಬೇಕಾಯ್ತು. ಒಟ್ಟು ಮಾಲಿನ ಒಂದು ಪಾಲು ಮಾತ್ರ ಕೊಂಡರೂ ಪೂರ್ತಿ ಮಾರುಕಟ್ಟೆ ಹತೋಟಿಗೆ ಬರ್ತದ ಅನ್ನೋದನ್ನು ಈ ಸಂಘ ತೋರಿಸಿಕೊಟ್ಟಿತು. ಉತ್ತರದ ಪೇಟೆಗಳಲ್ಲಿ ತನ್ನದೇ ಮಾರಾಟ ಕೇಂದ್ರ ಮಾಡಿಕೊಂಡ ಮೇಲೆ ಅಲ್ಲಿಯ ದರದ ಸುದ್ದಿಯೂ ನೇರ ಊರಿಗೆ ಬರಲು ಶುರುವಾಯಿತು.

ಸರ್ಕಾರ ಬೆಂಬಲ ಬೆಲೆ ಘೋಷಿಸಿ ವರ್ಷಕ್ಕೊಮ್ಮೆ ಖರೀದಿ ಕೇಂದ್ರ ತೆರೆಯೋದಕ್ಕೂ ಇದಕ್ಕೂ ಭಾಳ ಅಂತರ ಅದ. ಸರ್ಕಾರದ ಕೇಂದ್ರ ತೆರೆಯುವ ಹೊತ್ತಿಗೆ ಸಾಲ ಇದ್ದ ರೈತ ಮಾಲು ಮಾರಿ ಕೈ ತೊಳೆದಿರ್ತಾನೆ. 2015ರಲ್ಲಿ ಕ್ವಿಂಟಲ್ ತೊಗರಿ ಹತ್ತು ಸಾವಿರ ದಾಟಿದ್ದು, ಅದನ್ನು ನೋಡಿ ಎಲ್ಲರೂ ತೊಗರಿಯನ್ನೇ ಬಿತ್ತಿದ್ದು, 2017ರ ಹೊತ್ತಿಗೆ ಬೆಂಬಲ ಬೆಲೆ 5,050 ರೂಪಾಯಿಗಿಂತಲೂ ಕೆಳಗೆ ಬಿದ್ದದ್ದು ಸೇಡಂ, ಚಿತ್ತಾಪುರದ ರೈತರಿಗೆ ನೆನಪಿರಬಹುದು. ವರ್ಷವಿಡೀ ಬಾಗಿಲು ತೆಗೆದಿರುವ, ರೈತನದೇ ಆದ ಒಬ್ಬ ಗಿರಾಕಿ ಮಾರುಕಟ್ಟೆಯಲ್ಲಿ ಇರೋದು ಬೇರೆಯೇ ಮಾತು.

ನೆರಳಿನ ಬೆಳೆ

ಈಗ ಕೊಕ್ಕೊ ಕಡೆ ಬರೋಣ. ಈ ಗಿಡದ ತವರು ದಕ್ಷಿಣ ಅಮೆರಿಕದ ಅಮೆಜಾನ್ ಕಾಡು. ಅಲ್ಲಿ ಅದು ದೊಡ್ಡ ಮರಗಳ ಕೆಳಗೆ, ಅರೆಬರೆ ಬಿಸಿಲಿನಲ್ಲಿ ಬೆಳೆಯುವ ಸಣ್ಣ ಮರ. ಭಾರತಕ್ಕೆ ಮೊದಲು ಬಂದದ್ದು 1798ರಲ್ಲಿ, ತಮಿಳುನಾಡಿನ ಕುಟ್ರಾಲಂಗೆ. ಆದರೆ ವ್ಯವಸಾಯ ಅಂತ ಆದದ್ದು 1960ರ ದಶಕದಿಂದ ಈಚೆಗೆ. ಕ್ಯಾಡ್‌ಬರಿ ಕಂಪನಿ ಕೇರಳದ ವಯನಾಡಿನಲ್ಲಿ ಪ್ರಯೋಗ ಶುರು ಮಾಡಿ, ದಕ್ಷಿಣದ ರೈತರಿಗೆ ಸಸಿ ಹಂಚಿತು. ಅಡ್ಯನಡ್ಕದ ಪಕ್ಕದಲ್ಲೇ ಇರುವ ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರವೂ ಅಡಿಕೆ ತೋಟದೊಳಗೆ ಕೊಕ್ಕೊ ಹಾಕುವ ಕ್ರಮವನ್ನು ಪರೀಕ್ಷಿಸಿ ನೋಡಿತು. ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯ ಶಾಖೆ ಅದು.

ಅಡಿಕೆ ಮರವನ್ನು 2.7 ಮೀಟರ್‌ಗೆ ಒಂದರಂತೆ ನೆಡ್ತಾರೆ. ಬುಡದಲ್ಲಿ ಭಾಳ ಜಾಗ ಖಾಲಿ. ಎರಡು ಸಾಲು ಅಡಿಕೆಯ ನಡುವೆ, ಒಂದು ಸಾಲು ಬಿಟ್ಟು ಒಂದು ಸಾಲಿಗೆ ಕೊಕ್ಕೊ ಹಾಕಿದರೆ ಅಡಿಕೆಗೂ ತೊಂದರೆ ಇಲ್ಲ, ಕೊಕ್ಕೊಗೆ ಬೇಕಾದ ನೆರಳೂ ಪುಕ್ಕಟೆ. ಹೊಸ ಜಮೀನು ಬೇಡ, ಹೊಸ ಬಾವಿ ಬೇಡ. ಅಡಿಕೆಗೆ ಬಿಟ್ಟ ನೀರೇ ಇದಕ್ಕೂ.

ಗಿಡದ ಸ್ವಭಾವವೂ ವಿಚಿತ್ರ. ಹೂವು ಟೊಂಗೆಯ ತುದಿಗೆ ಬಿಡೋದಿಲ್ಲ, ಕಾಂಡದ ಮೈಗೇ ಅಂಟಿಕೊಂಡು ಬಿಡ್ತಾವ, ನಮ್ಮ ಅತ್ತಿ ಮರದ ಹಾಗೆ. ಗುಂಡುಸೂಜಿಯ ತಲೆಯಷ್ಟು ದೊಡ್ಡ ನೊಣವೊಂದು ಈ ಹೂವಿಗೆ ಪರಾಗ ಮುಟ್ಟಿಸೋದು. ಆ ನೊಣ ಮರಿ ಮಾಡೋದು ಬುಡದಲ್ಲಿ ಕೊಳೆಯುವ ತೇವದ ಎಲೆಗಳಲ್ಲಿ. ತೋಟವನ್ನು ಗುಡಿಸಿ ಕನ್ನಡಿ ಹಂಗೆ ಇಟ್ಟರೆ ಕಾಯಿ ಕಡಿಮೆ. ಕಾಡಿನ ನೆಲದಂತೆ ಎಲೆ ಬಿದ್ದಿದ್ದರೇ ಅದಕ್ಕೆ ಖುಷಿ. ಹೂವು ಕಾಯಾಗಿ ಹಣ್ಣಾಗಲು ಐದಾರು ತಿಂಗಳು. ಒಂದು ಕಾಯಿಯೊಳಗೆ ಬಿಳಿ ಲೋಳೆ ಸುತ್ತಿಕೊಂಡ ಮೂವತ್ತು, ನಲವತ್ತು ಬೀಜ. ಆ ಲೋಳೆ ಸಿಹಿ. ಅಳಿಲು, ಇಲಿ, ಮಂಗಕ್ಕೆ ಅದರದೇ ಆಸೆ.

ಆ ಹಸಿ ಬೀಜದಲ್ಲಿ ಚಾಕಲೇಟಿನ ವಾಸನೆ ಲವಲೇಶವೂ ಇರೋದಿಲ್ಲ. ಐದಾರು ದಿನ ಗುಡ್ಡೆ ಹಾಕಿ ಅಥವಾ ಪೆಟ್ಟಿಗೆಯಲ್ಲಿ ಮುಚ್ಚಿಟ್ಟು ಹುಳಿ ಬರಿಸಬೇಕು. ನಡುನಡುವೆ ತಿರುವಿ ಹಾಕಬೇಕು. ಒಳಗೆ ಕೈ ಸುಡುವಷ್ಟು ಬಿಸಿ ಏಳ್ತದ. ಆಮೇಲೆ ಒಣಗಿಸಬೇಕು. ಸುಮಾರು ಮೂರು ಕಿಲೋ ಹಸಿ ಬೀಜಕ್ಕೆ ಒಂದು ಕಿಲೋ ಒಣ ಬೀಜ. ಈ ಹಂತ ಕೆಟ್ಟರೆ ಮುಂದೆ ಎಷ್ಟು ದೊಡ್ಡ ಫ್ಯಾಕ್ಟರಿ ಇದ್ದರೂ ರುಚಿ ಬರೋದಿಲ್ಲ. ಮೇಲಾಗಿ ಕೊಕ್ಕೊ ಜೋರಾಗಿ ಬರುವ ದಿನಗಳು ಮಳೆಗಾಲದ ಹೊಸ್ತಿಲಿಗೇ ಬಂದು ನಿಲ್ತಾವ. ಹತ್ತು ಗಿಡ, ನೂರು ಗಿಡ ಇರುವ ಸಣ್ಣ ರೈತ ಆ ಮಳೆಯಲ್ಲಿ ಎಲ್ಲಿ ಒಣಗಿಸ್ತಾನ? ಬೂಸಲು ಬಂದು ಹೋಗ್ತದ. ಹಂಗಾಗಿ ರೈತ ಹಸಿ ಬೀಜವನ್ನೇ ಮಾರಬೇಕು, ಅದೂ ಒಂದು ದಿನದೊಳಗೆ. ಅಡಿಕೆಯಾದರೆ ದರ ಬರೋ ತನಕ ಅಟ್ಟದ ಮೇಲೆ ವರ್ಷಗಟ್ಟಲೆ ಇಡಬಹುದು. ಹಸಿ ಕೊಕ್ಕೊ ಹಾಲಿದ್ದ ಹಾಗೆ, ಇವತ್ತು ಕೊಳ್ಳೋರು ಬರಲಿಲ್ಲ ಅಂದ್ರೆ ನಾಳೆ ಗೊಬ್ಬರ.

ಗಿರಾಕಿ ಎದ್ದು ಹೋದಾಗ

1977ರ ಸುಮಾರಿಗೆ ಜಗತ್ತಿನ ಮಾರುಕಟ್ಟೆಯಲ್ಲಿ ಕೊಕ್ಕೊ ದರ ಭಾರೀ ಏರಿತ್ತು. ಅದನ್ನು ನೋಡಿ ದಕ್ಷಿಣ ಕನ್ನಡ, ಕೇರಳದ ರೈತರು ಸಸಿ ಮೇಲೆ ಸಸಿ ನೆಟ್ಟರು. ಅವು ಫಸಲು ಕೊಡುವ ಹೊತ್ತಿಗೆ ದರ ಇಳಿಯುತ್ತಾ ಬಂತು. 1979-80ರ ಸುಮಾರಿಗೆ ಕೊಳ್ಳುತ್ತಿದ್ದ ಖಾಸಗಿಯವರು ಮಾರುಕಟ್ಟೆಯಿಂದ ಹಿಂದೆ ಸರಿದರು. ಕಂಪನಿಗಳಿಗೆ ತಮ್ಮ ಲೆಕ್ಕ. ಬೇಕಾದಷ್ಟು ಮಾಲು ಇದ್ದಾಗ ಇನ್ನೂ ಯಾಕೆ ಕೊಳ್ಳಬೇಕು? ಆದರೆ ರೈತನ ಗಿಡಕ್ಕೆ ಆ ಲೆಕ್ಕ ಗೊತ್ತಿಲ್ಲ, ಅದು ಕಾಯಿ ಬಿಡ್ತಾನೇ ಇತ್ತು. ಕಾಯಿ ಗಿಡದಲ್ಲೇ ಕೊಳೆತವು. ಎಷ್ಟೋ ಮಂದಿ ಗಿಡ ಕಡಿದು ಹಾಕಿದರು.

ಕರ್ನಾಟಕ, ಕೇರಳ ಸರ್ಕಾರಗಳು ಆಗ ಕ್ಯಾಂಪ್ಕೊ ಕಡೆ ನೋಡಿದವು. ಭಟ್ಟರ ಜೀವನದ ದೊಡ್ಡ ಪರೀಕ್ಷೆ ಇದೇ ಅನ್ನಬೇಕು. ಯಾಕಂದ್ರೆ ಕ್ಯಾಂಪ್ಕೊ ಹುಟ್ಟಿದ್ದು ಅಡಿಕೆಗೆ. ಸದಸ್ಯರು ಪಾಲು ಹಾಕಿದ್ದು ಅಡಿಕೆಗೆ. ಸಂಘಕ್ಕೆ ಕೊಕ್ಕೊ ಹುಳಿ ಬರಿಸಿ ಗೊತ್ತಿಲ್ಲ, ಒಣಗಿಸಿ ಗೊತ್ತಿಲ್ಲ, ಮಾರಿ ಗೊತ್ತಿಲ್ಲ. ಪಳಗಿದ ಕಂಪನಿಗಳೇ ಬಿಟ್ಟು ಹೋದ ಮಾಲಿಗೆ ಆರೇಳು ವರ್ಷದ ಸಹಕಾರ ಸಂಘ ಕೈ ಹಾಕೋದು ಅಂದ್ರೆ ಅಡಿಕೆಯ ರೊಕ್ಕವನ್ನೂ ಕಳೆದುಕೊಳ್ಳುವ ಅಪಾಯ. ಕೈ ಕಟ್ಟಿ ಕುಳಿತಿದ್ದರೆ ಯಾರೂ ಬೈಯುತ್ತಿರಲಿಲ್ಲ. ಹಂಗೆ ಕುಳಿತ ಎಷ್ಟೋ ಸಂಘಗಳ ಬೋರ್ಡು ಇವತ್ತಿಗೂ ಊರೂರಲ್ಲಿ ತುಕ್ಕು ಹಿಡಿದು ನೇತಾಡ್ತಾ ಇದಾವ.

ಕ್ಯಾಂಪ್ಕೊ ಹಸಿ ಬೀಜ ಕೊಳ್ಳಲು ಶುರು ಮಾಡಿತು. ಹುಳಿ ಬರಿಸೋದು, ಒಣಗಿಸೋದು ಕಲಿಯಿತು. ಹೊರದೇಶದ ಮಾರುಕಟ್ಟೆ ಒಪ್ಪುವ ದರ್ಜೆಗೆ ತಂದು ಒಣ ಬೀಜ ರಫ್ತು ಮಾಡಿತು. ಸಂಘದ ಹೆಸರಿನೊಳಗೇ ಅಡಿಕೆಯ ಪಕ್ಕ ಕೊಕ್ಕೊ ಸೇರಿಕೊಂಡಿತು: ಕೇಂದ್ರೀಯ ಅಡಿಕೆ ಮತ್ತು ಕೊಕ್ಕೊ ಮಾರಾಟ ಮತ್ತು ಸಂಸ್ಕರಣ ಸಹಕಾರ ಸಂಘ.

ಆದರೆ ಒಣ ಬೀಜ ಮಾರುವವರೆಗೂ ನೀವು ಕಚ್ಚಾ ಮಾಲಿನವರೇ. ಲಂಡನ್, ನ್ಯೂಯಾರ್ಕ್ ದರ ಕುಸಿದ ದಿನ ಮತ್ತೆ ಅದೇ ಗೋಳು. ತೊಗರಿ ಮಾರೋನಿಗೂ ಬೇಳೆ ಮಾಡಿ ಮಾರೋನಿಗೂ ಇರುವ ಅಂತರ ದಾಲ್ ಮಿಲ್ ನೋಡಿದ ಕಲಬುರಗಿ ಜಿಲ್ಲೆಯ ಮಂದಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಂಗಾಗಿ ಮುಂದಿನ ಹೆಜ್ಜೆ, ಸ್ವಂತ ಚಾಕಲೇಟ್ ಕಾರ್ಖಾನೆ. ಪುತ್ತೂರಿನ ಕೆಮ್ಮಿಂಜೆಯಲ್ಲಿ ಅದು ಎದ್ದಿತು. 1986ರ ಸೆಪ್ಟೆಂಬರ್‌ನಲ್ಲಿ ಅಂದಿನ ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗ್ ಉದ್ಘಾಟಿಸಿದರು. ಒಂದು ತಾಲೂಕು ಕೇಂದ್ರಕ್ಕೆ, ರೈತರ ಸಂಘ ಕಟ್ಟಿದ ಕಾರ್ಖಾನೆಗೆ ರಾಷ್ಟ್ರಪತಿ ಬಂದದ್ದು. ಬೀಜ ಹುರಿದು, ಸಿಪ್ಪೆ ಹಾರಿಸಿ, ಅರೆದು, ಹಿಂಡಿ, ಒಂದು ಕಡೆ ಕೊಕ್ಕೊ ಬೆಣ್ಣೆ, ಇನ್ನೊಂದು ಕಡೆ ಕೊಕ್ಕೊ ಪುಡಿ; ಸಕ್ಕರೆ, ಹಾಲಿನ ಪುಡಿ ಸೇರಿಸಿ ಚಾಕಲೇಟು. ದೇಶದಲ್ಲಿ ಬಹುರಾಷ್ಟ್ರೀಯ ಕಂಪನಿಯೇ ಚಾಕಲೇಟಿನ ಇನ್ನೊಂದು ಹೆಸರು ಆಗಿದ್ದ ಕಾಲದಲ್ಲಿ ಅಡಿಕೆ ರೈತರು ಈ ಕೆಲಸಕ್ಕೆ ಇಳಿದರು.

ಎಲ್ಲ ಸಲೀಸಾಗಿ ನಡೀತು ಅಂತಲ್ಲ. ಚಾಕಲೇಟ್ ಮಾಡೋದು ಒಂದು ವಿದ್ಯೆ, ಅದನ್ನು ಅಂಗಡಿಯ ಗಾಜಿನ ಡಬ್ಬಿಯೊಳಗೆ ಕೂಡಿಸೋದು ಇನ್ನೊಂದು ವಿದ್ಯೆ. ಜಾಹೀರಾತಿನಲ್ಲಿ ದೊಡ್ಡ ಕಂಪನಿಗಳ ಎದುರು ಸಹಕಾರ ಸಂಘ ಗೆಲ್ಲೋದು ಕಷ್ಟ. ಯಾವ ಅಂಗಡಿಯವರನ್ನಾದರೂ ಕೇಳ್ರಿ, ಹುಡುಗರು ಟಿವಿಯಲ್ಲಿ ನೋಡಿದ ಹೆಸರನ್ನೇ ಹೇಳಿ ಕೇಳ್ತಾರ. ಇಷ್ಟಿದ್ದರೂ ಕಾರ್ಖಾನೆ ನಿಂತಿಲ್ಲ. ತನ್ನ ಹೆಸರಿನ ಚಾಕಲೇಟಿನ ಜೊತೆಗೆ ಬೇರೆ ಕಂಪನಿಗಳಿಗೂ ಮಾಲು ತಯಾರಿಸಿ ಕೊಡ್ತಾ ಬಂದಿದೆ.

ಕಾಡಿನ ಲೆಕ್ಕ

ಭಟ್ಟರು ಹೊರಟಿದ್ದು ರೈತನ ದರ ಉಳಿಸಲಿಕ್ಕೆ, ಕಾಡು ಉಳಿಸಲಿಕ್ಕಲ್ಲ. ಇದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅವರು ದರ ಉಳಿಸಿದ್ದರಿಂದ ಏನು ಉಳಿಯಿತು ಅನ್ನೋದು ಬೇರೆ ದೇಶಗಳ ಕಡೆ ನೋಡಿದರೆ ತಿಳೀತದ.

ಜಗತ್ತಿನ ಅರ್ಧಕ್ಕಿಂತ ಹೆಚ್ಚು ಕೊಕ್ಕೊ ಬರೋದು ಪಶ್ಚಿಮ ಆಫ್ರಿಕಾದಿಂದ, ಅದರಲ್ಲೂ ಐವರಿ ಕೋಸ್ಟ್ ಮತ್ತು ಘಾನಾದಿಂದ. ಅಲ್ಲಿ ಕಾಡು ಕಡಿದು, ಆ ಹೊಸ ಮಣ್ಣಿನಲ್ಲಿ ಕೊಕ್ಕೊ ನೆಟ್ಟು, ಇಳುವರಿ ಇಳಿದ ಮೇಲೆ ಮತ್ತೆ ಮುಂದಿನ ಕಾಡಿಗೆ ಹೋಗುವ ರೂಢಿ ಬೆಳೆಯಿತು. 1960ರ ನಂತರ ಐವರಿ ಕೋಸ್ಟ್ ತನ್ನ ಕಾಡಿನ ಹೆಚ್ಚಿನ ಪಾಲನ್ನು ಕಳೆದುಕೊಂಡಿತು, ಅದಕ್ಕೆ ದೊಡ್ಡ ಕಾರಣಗಳಲ್ಲಿ ಕೊಕ್ಕೊ ಒಂದು. ಕಾಡು ಕಡಿದ ಜಮೀನಿನ ಕೊಕ್ಕೊ ತಮ್ಮಲ್ಲಿಗೆ ಬರಬಾರದು ಅಂತ ಯುರೋಪಿಯನ್ ಒಕ್ಕೂಟ 2023ರಲ್ಲಿ ಕಾನೂನನ್ನೇ ಮಾಡಿತು.

ಬ್ರೆಜಿಲ್‌ನ ಬಹಿಯಾ ರಾಜ್ಯದ ಕಥೆ ಇದಕ್ಕೆ ವಿರುದ್ಧ. ಅಲ್ಲಿ ಮಂದಿ ದೊಡ್ಡ ಮರಗಳನ್ನು ಹಾಗೇ ಬಿಟ್ಟು, ಕೆಳಗಿನ ಪೊದೆ ಮಾತ್ರ ತೆಗೆದು ಕೊಕ್ಕೊ ಬೆಳೆದರು. ಕಬ್ರೂಕ ಅಂತಾರೆ ಆ ಪದ್ಧತಿಗೆ. ಅಟ್ಲಾಂಟಿಕ್ ಕರಾವಳಿಯ ಕಾಡು ಬೇರೆ ಕಡೆ ನಾಶ ಆದರೂ ಈ ತೋಟಗಳೊಳಗೆ ದೊಡ್ಡ ಮರಗಳು ಉಳಿದವು, ಮಂಗ, ಹಕ್ಕಿ ಉಳಿದವು. ಆದರೆ 1989ರಲ್ಲಿ ಅಲ್ಲಿಗೆ ಕೊಕ್ಕೊ ಗಿಡದ ರೋಗವೊಂದು ಬಂತು, ಟೊಂಗೆಗಳು ಪೊರಕೆಯಂತೆ ಒಣಗುವ ರೋಗ. ಬೆಳೆ ಕುಸಿಯಿತು, ದರವೂ ಇರಲಿಲ್ಲ. ಆಗ ಎಷ್ಟೋ ರೈತರು ನೆರಳಿನ ಆ ದೊಡ್ಡ ಮರಗಳನ್ನೇ ಕಡಿದು ಮಾರಿಕೊಂಡರು, ಜಮೀನನ್ನು ದನದ ಹುಲ್ಲುಗಾವಲು ಮಾಡಿದರು. ಅಷ್ಟು ವರ್ಷ ಆ ಮರಗಳನ್ನು ಕಾದದ್ದು ಬರೇ ಪ್ರೀತಿ ಅಲ್ಲ, ಕೆಳಗಿನ ಬೆಳೆಗೆ ಸಿಗುತ್ತಿದ್ದ ರೊಕ್ಕ.

ಈಗ ಪುತ್ತೂರಿನ ಕಡೆ ತಿರುಗಿ ನೋಡಿದರೆ ಕ್ಯಾಂಪ್ಕೊದ ತೂಕ ಗೊತ್ತಾಗ್ತದ. ಅಡಿಕೆ ತೋಟ ಕಾಡಲ್ಲ, ಅದನ್ನು ಕಾಡು ಅಂತ ಕರೆದರೆ ಸುಳ್ಳಾಗ್ತದ. ಆದರೆ ಕೊಕ್ಕೊ ಸಲುವಾಗಿ ಅಲ್ಲಿ ಗುಡ್ಡ ಬೋಳಿಸಬೇಕಾಗಲಿಲ್ಲ, ಇದ್ದ ತೋಟದೊಳಗೇ ಅದಕ್ಕೆ ಜಾಗ ಸಿಕ್ಕಿತು. ಇನ್ನೊಂದು ಮಾತೂ ಅದ. ಅಡಿಕೆ ತೋಟಕ್ಕೆ ಹಸಿರೆಲೆ ಗೊಬ್ಬರ ಬೇಕೇಬೇಕು. ದಕ್ಷಿಣ ಕನ್ನಡದ ರೈತರು ತಲೆತಲಾಂತರದಿಂದ ಅದನ್ನು ತರುವುದು ತೋಟದ ಮೇಲಿನ ಗುಡ್ಡದಿಂದ, ಕುಮ್ಕಿ ಅಂತ ಕರೆಯುವ ಜಾಗದಿಂದ. ಪ್ರತಿ ವರ್ಷ ಸೊಪ್ಪು ಕಡಿದರೆ ಆ ಗುಡ್ಡದ ಮರ ಎಲ್ಲಿ ಮೇಲೆ ಏಳ್ತದ? ಕೊಕ್ಕೊ ಇರುವ ತೋಟದಲ್ಲಿ ವರ್ಷಕ್ಕೆ ಹೆಕ್ಟೇರಿಗೆ ಟನ್‌ಗಟ್ಟಲೆ ಎಲೆ ತಾನಾಗಿಯೇ ಬುಡಕ್ಕೆ ಬೀಳ್ತದ, ಸವರಿದ ಟೊಂಗೆ, ಒಡೆದ ಕಾಯಿಯ ಸಿಪ್ಪೆ ಬೇರೆ. ಅಷ್ಟರ ಮಟ್ಟಿಗೆ ಗುಡ್ಡದ ಸೊಪ್ಪಿನ ಮೇಲಿನ ಭಾರ ಇಳೀತದ. ಮಣ್ಣು ತೇವ ಹಿಡಿದಿಡ್ತದ, ಆ ಭಾರೀ ಮಳೆಗೆ ಕೊಚ್ಚಿ ಹೋಗೋದೂ ಕಡಿಮೆ.

1980ರಲ್ಲಿ ಕೊಳ್ಳುವ ಒಂದು ಕೈ ಮುಂದೆ ಬರದಿದ್ದರೆ ಈ ಗಿಡಗಳೆಲ್ಲ ಒಲೆಗೆ ಹೋಗುತ್ತಿದ್ದವು. ಆಗಲೇ ಅರ್ಧ ಹೋಗಲು ಶುರುವಾಗಿತ್ತು.

ಈಗಿನ ದಿನ

ಭಟ್ಟರು ಇಂದಿಲ್ಲ. ಅವರ ಕಾಲದ ನಂತರ ಎರಡೂ ಬೆಳೆಯ ಲೆಕ್ಕ ಬದಲಾಗಿದೆ. ಅಡಿಕೆಯಿಂದ ಕ್ಯಾನ್ಸರ್ ಬರ್ತದ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿಯೇ ಹೇಳಿದೆ. ಪಾನ್ ಡಬ್ಬಿ ಇಟ್ಟವರಿಗೂ ತಿನ್ನುವವರಿಗೂ ಇದು ಗೊತ್ತಿರಬೇಕಾದ ಸಂಗತಿ. ಸುಳ್ಯದ ಕಡೆ ಹಳದಿ ಎಲೆ ರೋಗ ತೋಟಕ್ಕೆ ತೋಟವನ್ನೇ ತಿಂದಿದೆ. ಅಡಿಕೆ ಒಂದನ್ನೇ ನಂಬಿದವರಿಗೆ ದಾರಿ ಇಕ್ಕಟ್ಟಾಗ್ತಾ ಇದ್ದರೆ, ಕೊಕ್ಕೊ ಇಟ್ಟುಕೊಂಡವರಿಗೆ ಕೈಯಲ್ಲಿ ಇನ್ನೊಂದು ಬೆಳೆ ಇದೆ. ಆಫ್ರಿಕಾದಲ್ಲಿ ಹವಾಮಾನ ಮತ್ತು ರೋಗದಿಂದ ಬೆಳೆ ಕೆಟ್ಟು, 2024ರಲ್ಲಿ ಜಗತ್ತಿನ ಕೊಕ್ಕೊ ದರ ಟನ್ನಿಗೆ 10,000 ಡಾಲರ್ ದಾಟಿತು. ಅಷ್ಟು ದರ ಹಿಂದೆಂದೂ ಇರಲಿಲ್ಲ. ಆಮೇಲೆ ಮತ್ತೆ ಇಳಿಯಿತು. ಏರಿದ್ದು ನೋಡಿ ನೆಟ್ಟು, ಇಳಿದದ್ದು ನೋಡಿ ಕಡಿಯೋದು ಎಷ್ಟು ದುಬಾರಿ ಅಂತ ಪುತ್ತೂರಿನವರು ಒಮ್ಮೆ ನೋಡಿದ್ದಾರೆ.

ಈಗ ದೇಶದಲ್ಲಿ ಹೆಚ್ಚು ಕೊಕ್ಕೊ ಬೆಳೆಯೋದು ಆಂಧ್ರಪ್ರದೇಶ. ಗೋದಾವರಿ ಸೀಮೆಯಲ್ಲಿ ತೆಂಗು, ತಾಳೆ ಮರದ ನೆರಳಿನಲ್ಲಿ ಬೆಳೀತಾರೆ. ಇಷ್ಟಾದರೂ ದೇಶದ ಚಾಕಲೇಟ್ ಕಾರ್ಖಾನೆಗಳಿಗೆ ಇಲ್ಲಿಯ ಮಾಲು ಸಾಲೋದಿಲ್ಲ, ದೊಡ್ಡ ಪಾಲು ಹೊರಗಿನಿಂದ ಬರ್ತದ.

ಹಂಗಾದ್ರೆ ನಾವೂ ಹಾಕೋಣ ಅಂತ ಯಾರಾದರೂ ಸಸಿ ತರಲು ಹೊರಟರೆ, ತಡೀರಿ. ಏಪ್ರಿಲ್, ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಒಣ ಬಿಸಿಲು, ಮಳೆ ಅಷ್ಟಕ್ಕಷ್ಟೇ ಇರುವ ಸೇಡಂ, ಚಿತ್ತಾಪುರದ ನೆಲ ಕೊಕ್ಕೊಗೆ ಅಲ್ಲ. ಸಸಿ ಮಾರುವವರ ಮಾತು ಕೇಳಿ ರೊಕ್ಕ ಕಳಕೋಬ್ಯಾಡ್ರಿ. ನಮ್ಮ ನೆಲಕ್ಕೆ ನಮ್ಮವೇ ಮರ ಇದ್ದಾವ. ಬದುವಿನ ಮೇಲಿನ ಹುಣಸೆ, ಸೀತಾಫಲ, ಬೇವು, ಮಾವು. ಚಿಂಚೋಳಿಯಲ್ಲಿ ಸುಮಾರು 135 ಚದರ ಕಿಲೋಮೀಟರ್ ವನ್ಯಜೀವಿ ಧಾಮ ಇದೆ. ಒಣ ಬಯಲಿನ ನಡುವೆ ಅಂಥ ಕಾಡು ಉಳಿದದ್ದೇ ದೊಡ್ಡದು. ಅದರ ಅಂಚಿನ ಊರು, ತಾಂಡಾಗಳ ಮಂದಿಗೆ ಸೀತಾಫಲದ ಬುಟ್ಟಿ ರಸ್ತೆ ಬದಿ ಇಟ್ಟುಕೊಂಡು ಸಂಜೆಯೊಳಗೆ ಬಂದಷ್ಟಕ್ಕೆ ಕೊಡುವ ಸ್ಥಿತಿ ಇದೆ. ಹಸಿ ಕೊಕ್ಕೊ ಹಂಗೇ ಸೀತಾಫಲವೂ ನಾಳೆಗೆ ನಿಲ್ಲುವ ಮಾಲಲ್ಲ. ಅದನ್ನು ಆ ದಿನವೇ ಕೊಂಡು, ತಿರುಳು ತೆಗೆದು, ತಂಪಿನಲ್ಲಿಟ್ಟು ಮಾರುವ ಒಂದು ಸಂಘಕ್ಕೆ ಬೇಕಾದ ಬುದ್ಧಿ ಪುತ್ತೂರಿನಲ್ಲಿ 1980ರಷ್ಟು ಹಿಂದೆಯೇ ತಯಾರಾಗಿ ಇದೆ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು, ತೊಗರಿ ಮಂಡಳಿ ಅದಕ್ಕೂ ಹಿಂದಿನಿಂದ ಇದೆ. ಹೆಸರು ಬಂದಿದೆ. ಸೇಡಂ ಎಪಿಎಂಸಿ ಆವರಣದಲ್ಲಿ ವರ್ಷವಿಡೀ ಬಾಗಿಲು ತೆಗೆದು ಕುಳಿತ, ರೈತರದೇ ಆದ ಗಿರಾಕಿ ಬರೋದು ಬಾಕಿ.

ಮಂಗಳೂರಿನ ಮಿಷನ್ ಸ್ಟ್ರೀಟ್‌ನಲ್ಲಿರುವ ಕ್ಯಾಂಪ್ಕೊ ಕೇಂದ್ರ ಕಚೇರಿಯ ಕಟ್ಟಡಕ್ಕೆ ವಾರಣಾಶಿ ಟವರ್ಸ್ ಅಂತ ಹೆಸರು. ಅಲ್ಲಿಂದ ಇವತ್ತಿಗೂ ಅಡಿಕೆಯ ದರ, ಹಸಿ ಕೊಕ್ಕೊದ ದರ, ಒಣ ಕೊಕ್ಕೊದ ದರ ಹೊರಡ್ತದ. ರೈತರು ಫೋನಿನಲ್ಲಿ ಅದನ್ನು ನೋಡಿಕೊಂಡು, ಕಾಯಿ ಒಡೆದು, ಚೀಲದಲ್ಲಿ ಹಸಿ ಬೀಜ ತುಂಬಿಕೊಂಡು ಖರೀದಿ ಕೇಂದ್ರಕ್ಕೆ ಹೋಗ್ತಾರೆ. ಬೀಜದ ಲೋಳೆ ಸೋರಿ ಸ್ಕೂಟರಿನ ಕಾಲಿಡುವ ಜಾಗವೆಲ್ಲ ಅಂಟಂಟು.